ಗಾಳಿ ಬಾರದ ಕೋಣೆ

ಬೆಳಗ್ಗೆ ನಮ್ಮ ಗಲ್ಲಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುವುದು ವೆಲ್ಡಿಂಗ್ ಅಂಗಡಿಯ ಷಟರ್ ಏಳುವ ಸದ್ದು. ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ, ಒಂದು ಬೈಗುಳ ಕೇಳುತ್ತದೆ, ಆಮೇಲೆ ಘರ್ರನೆ ಮೇಲಕ್ಕೆ ಹೋಗುತ್ತದೆ. ಬೈಗುಳ ಕಿಡಿಯಣ್ಣನದು, ಅಂಗಡಿಯೂ ಅವನದೇ. ಅದರ ಎದುರು ಮನೆ ನನ್ನ ದೊಡ್ಡಮ್ಮನದು. ಕಾಲೇಜಿಗೆ ಹತ್ತಿರವೆಂದು ನಾನು ಅಲ್ಲೇ ಇದ್ದೇನೆ.

ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಗಲ್ಲಿಯ ಅರ್ಧ ಜನರ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಯಾರ ಹೊಟ್ಟೆ ಮುಂದೆ ಬಂತೆಂಬುದು ಅವರ ಹೆಂಡತಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಮುಖ್ಯ ರಸ್ತೆಗೆ ರೆಡಿಮೇಡ್ ಅಂಗಡಿ ಬಂದ ಮೇಲೆ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು ಇಷ್ಟೇ ಉಳಿಯಿತು. ಕೈಕಟ್ಟಿ ಕೂರುವುದು ಅವಳಿಗೆ ಬಾರದ ಒಂದೇ ಕೆಲಸ. ಹಾಗಿರುವಾಗ ಒಂದು ದಿನ ಕಿಡಿಯಣ್ಣನ ಅಂಗಡಿಯಲ್ಲಿ ಬೆಸೆದಿಟ್ಟ ಸ್ಟೀಲ್ ಪೈಪೊಂದನ್ನು ಎತ್ತಿಕೊಂಡು, ಬೆಸುಗೆಯ ಮೇಲೆ ಹೆಬ್ಬೆರಳು ಓಡಿಸಿ, "ಇದು ಹೊಲಿಗೆ ಕಣೋ" ಅಂದಳು.

"ಟಿಗ್ ಅಂತಾರೆ ಅಕ್ಕ. ಒಂದು ಕೈಲಿ ಟಾರ್ಚು, ಇನ್ನೊಂದ್ರಲ್ಲಿ ತಂತಿ, ಕಾಲ ಕೆಳಗೆ ಉರಿ ಹೆಚ್ಚು ಕಮ್ಮಿ ಮಾಡೋ ಪೆಡಲ್ಲು. ಟಾರ್ಚಿನ ಬಾಯಿಂದ ಆರ್ಗಾನ್ ಗ್ಯಾಸ್ ಬರ್ತಾ ಇರುತ್ತೆ. ಕರಗಿದ ಲೋಹಕ್ಕೆ ಗಾಳಿ ತಾಗದಂಗೆ ಅದು ಕಾಯುತ್ತೆ."

"ಪೆಡಲ್ ಇದೆಯಾ?" ಅವಳು ಕೇಳಿದ್ದು ಅಷ್ಟೇ.

ಕಿಡಿಯಣ್ಣನ ಹಳೆಯ ಮಷೀನು, ಗ್ಯಾಸಿನ ಉದ್ದನೆಯ ಸಿಲಿಂಡರು, ಮುಖಕ್ಕೆ ಹಾಕುವ ಕಪ್ಪು ಗಾಜಿನ ಮುಸುಕು ನಮ್ಮ ಹಿತ್ತಲಿಗೆ ಬಂದವು. ಅಲ್ಲಿ ಮೆಟ್ಟಿಲಿಳಿದು ಹೋಗುವ ತಗ್ಗಿನ ಕೋಣೆಯೊಂದಿತ್ತು, ಹಳೆಯ ಸಾಮಾನು ತುಂಬುತ್ತಿದ್ದದ್ದು. ಅದನ್ನು ಗುಡಿಸಿ ಮೇಜು ಹಾಕಿದಳು. ಗಡಿಯಾರ ರಿಪೇರಿ ಮಾಡುವ ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಇಷ್ಟು ದಿನ ನನ್ನ ಬಾಯಿ ಹೊಲಿದಿದ್ದೆ. ಇನ್ನು ಬೆಸುಗೆ ಹಾಕ್ತೀಯಾ?"

"ಹೊಲಿಗೆ ನಿಲ್ಲಲಿಲ್ವಲ್ಲ, ಅದಕ್ಕೇ ರೀ."

ಮೊದಲ ದಿನ ಹೊಲಿಗೆ ಮಷೀನಿನ ಅಭ್ಯಾಸದಲ್ಲಿ ಪೆಡಲನ್ನು ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಎಂದು ತುಳಿದಳು. ನೀಲಿ ಬೆಳಕು ಉಬ್ಬಿತು, ಕುಗ್ಗಿತು, ಮತ್ತೆ ಉಬ್ಬಿತು. ತಗಡಿನ ನಡುವೆ ತೂತು ಬಿತ್ತು. ಕಿಡಿಯಣ್ಣ ಅದನ್ನು ಎತ್ತಿ ಹಿಡಿದು, ತೂತಿನೊಳಗಿಂದ ಅವಳನ್ನು ನೋಡಿದ. "ಚೆನ್ನಾಗಿ ಕಾಜಾ ಹೊಡೆದ್ರಿ ಅಕ್ಕ. ಗುಂಡಿ ಎಲ್ಲಿ?"

ಆದರೆ ಕೈಗಳು ಬೇಗ ಕಲಿತವು. ಕರಗಿದ ಚುಕ್ಕೆಗೆ ತಂತಿ ಮುಟ್ಟಿಸಿ ಹಿಂದೆಗೆಯುವುದು, ಸರಿಯುವುದು, ಮತ್ತೆ ಮುಟ್ಟಿಸುವುದು. ಬೆಸುಗೆ ಅವಳ ಬೆರಳಡಿಯಲ್ಲಿ ಅಂಗಿಯ ಅಂಚಿನಂತೆ ಸಾಲು ಹಿಡಿಯತೊಡಗಿತು. ಬೇಕರಿಯವನು ಬ್ರೆಡ್ಡಿನ ತಟ್ಟೆಗಳಿಗೆ ಸ್ಟೀಲ್ ಸ್ಟ್ಯಾಂಡ್ ಬೇಕೆಂದು ಬಂದ. ಅದು ಅವಳ ಮೊದಲ ಆರ್ಡರ್. ಇದು ಸರಿಯಾದರೆ ಇನ್ನೆರಡು ಬೇಕರಿಗಳಿಗೆ ತಾನೇ ಹೇಳುವೆನೆಂದ. ಆ ದಿನ ದೊಡ್ಡಮ್ಮ ಎಲೆಕೋಸಿನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು.

ತೊಂದರೆ ಒಂದೇ. ಬೆಸುಗೆಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ, ಇರುವೆ ಕಚ್ಚಿದಂಥ ತೂತು.

"ಗಾಳಿ ಬೀಳ್ತಿದೆ ಅಕ್ಕ," ಅಂದ ಕಿಡಿಯಣ್ಣ. "ಗ್ಯಾಸು ಹಾರಿಹೋಗುತ್ತೆ. ಗಾಳಿ ತಡೀರಿ."

ಅವನು ಹೇಳಿದ್ದು ತನ್ನ ಲೆಕ್ಕದಲ್ಲಿ. ಅವನಿಗೆ ಅಂಗಡಿಯೆಂದರೆ ಬೀದಿಗೆ ಬಾಯಿ ತೆರೆದ ಷಟರ್; ಗಾಳಿ ತಡೆಯುವುದೆಂದರೆ ಪಕ್ಕಕ್ಕೊಂದು ತಗಡು ಒರಗಿಸುವುದು. ದೊಡ್ಡಮ್ಮ ಕೇಳಿದ್ದು ಹೊಲಿಯುವವಳ ಕಿವಿಯಲ್ಲಿ. ಅವಳು ಕಿಟಕಿಯ ಅಳತೆ ತೆಗೆದು, ಎರಡು ಪದರದ ಬಟ್ಟೆಯ ನಡುವೆ ಹತ್ತಿ ಹಾಕಿ ದಪ್ಪನೆಯ ಪರದೆ ಹೊಲಿದು, ನಾಲ್ಕೂ ಅಂಚಿಗೆ ಮೊಳೆ ಹೊಡೆದಳು. ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಉದ್ದನೆಯ ಚೀಲಗಳಿಗೆ ತುರುಕಿ ಬಾಗಿಲ ಸಂದಿಗೆ, ಮೆಟ್ಟಿಲ ಬದಿಗೆ ಒತ್ತಿದಳು. ಮೇಣದಬತ್ತಿ ಹಚ್ಚಿ ಹಿಡಿದರೆ ಉರಿ ಅಲುಗಲಿಲ್ಲ. "ನೋಡು, ಇರುವೆಯೂ ಬರೋ ಹಾಗಿಲ್ಲ" ಎಂದು ನನಗೆ ತೋರಿಸಿದಳು. ಎಷ್ಟು ಅಚ್ಚುಕಟ್ಟು ಎಂದು ನಾನೂ ಮೆಚ್ಚಿದೆ. ಬೆಸುಗೆ ಬೆಳ್ಳಿಯಂತೆ ಬಂತು.

ಮರುದಿನ ಸಂಜೆ ಯಾರೋ ಪ್ಯಾಂಟ್ ಹಿಡಿದು ಕೂಗಿದರೆಂದು ಮೇಲೆ ಬಂದವಳು ಸಿಲಿಂಡರಿನ ಕೀಲಿ ತಿರುಗಿಸಿ ಮುಚ್ಚುವುದನ್ನು ಮರೆತಳು. ಗ್ಯಾಸಿನ ಟ್ಯೂಬಿನ ಕ್ಲಿಪ್ಪು ಸಡಿಲಾಗಿತ್ತು. ಬೆಳಗಾಗುವಷ್ಟರಲ್ಲಿ ಇಡೀ ಸಿಲಿಂಡರು ಆ ತಗ್ಗಿನ ಕೋಣೆಯೊಳಗೆ ಖಾಲಿಯಾಗಿತ್ತು. ಹೊರಹೋಗಲು ಅದಕ್ಕೆ ದಾರಿಯಿರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿ ತಗ್ಗಿನಲ್ಲೇ ನಿಲ್ಲುತ್ತದೆ.

ಬೆಳಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಇಣುಕಿದರೆ ದೊಡ್ಡಪ್ಪ ನೆಲದ ಮೇಲೆ ಕೂತಿದ್ದರು. ಬೆನ್ನು ಮೆಟ್ಟಿಲಿಗೆ ಒರಗಿತ್ತು, ತಲೆ ಎದೆಗೆ ಬಾಗಿತ್ತು. ಏನೋ ಹುಡುಕುತ್ತ ಹಾಗೇ ತೂಕಡಿಸಿದ್ದಾರೆಂದುಕೊಂಡು ಕರೆದೆ. ಮತ್ತೆ ಕರೆದೆ. ಅವರ ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

ನನ್ನ ಬಾಯಿಂದ ಎಂಥ ಸದ್ದು ಬಂತೋ ನನಗೆ ನೆನಪಿಲ್ಲ. ದೊಡ್ಡಮ್ಮ ಅಡುಗೆಮನೆಯಿಂದ ಓಡಿಬಂದು ನನ್ನನ್ನು ದೂಡಿ ಇಳಿದಳು. ಅವರ ಮುಖದ ಬಳಿ ಬಗ್ಗಿದವಳು ತೂರಾಡಿ ಗೋಡೆ ಹಿಡಿದಳು. ನೆಟ್ಟಗೆ ನಿಂತಳು, ಉಸಿರೆಳೆದಳು. ಮತ್ತೆ ಬಗ್ಗಲಿಲ್ಲ. ನಿಂತಲ್ಲಿಂದಲೇ ಕೈ ಇಳಿಬಿಟ್ಟು ಗಂಡನ ಅಂಗಿಯ ಕಾಲರ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಎಳೆದಳು. ಮೇಲಿನಿಂದ ನಾನು ತೋಳು ಹಿಡಿದೆ. ಅಂಗಿ ಅವಳೇ ಹೊಲಿದದ್ದು. ಕಾಲರ್ ಬಿಚ್ಚಲಿಲ್ಲ.

ಷಟರ್ ಅರ್ಧಕ್ಕೇ ಬಿಟ್ಟು ಕಿಡಿಯಣ್ಣ ಓಡಿಬಂದ. ದೊಡ್ಡಪ್ಪನನ್ನು ಅಂಗಾತ ಮಲಗಿಸಿ, ಮೂಗು ಒತ್ತಿಹಿಡಿದು ಬಾಯಿಗೆ ಬಾಯಿಟ್ಟು ಊದಿದ. ಎದೆ ಏರಿತು, ಇಳಿಯಿತು, ಏರಲಿಲ್ಲ. ಮತ್ತೆ ಊದಿದ. ಆಮೇಲೆ ದೊಡ್ಡಪ್ಪ ಹಳೆಯ ಬಾಗಿಲಿನಂತೆ ಕಿರ್ರೆಂದು ಉಸಿರೆಳೆದರು.

ಅವರ ಮುಷ್ಟಿಯಲ್ಲಿ ಸ್ಟೀಲ್ ತುಂಡೊಂದಿತ್ತು. ಆಸ್ಪತ್ರೆಯಲ್ಲಿ ನರ್ಸ್ ಬಿಡಿಸಿ ನನ್ನ ಕೈಗಿಟ್ಟಳು. ಎರಡು ತಗಡು ಸೇರಿಸಿ ದೊಡ್ಡಮ್ಮ ಹಾಕಿದ ಬೆಸುಗೆ, ಎಲ್ಲಕ್ಕಿಂತ ನೆಟ್ಟಗಿನದು. ಚಹಾ ಅಂಗಡಿಯ ಗೆಳೆಯರಿಗೆ ತೋರಿಸಲು ಒಯ್ಯುತ್ತಿದ್ದರಂತೆ. ಮನೆಯಲ್ಲಿ ಒಂದೂ ಒಳ್ಳೆಯ ಮಾತಾಡದವರು ದಿನವೂ ಒಂದೊಂದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರಂತೆ. ದೊಡ್ಡಮ್ಮ ಆ ತುಂಡನ್ನು ನೋಡಿದಳು, ಮುಟ್ಟಲಿಲ್ಲ.

ಮೂಲೆಯಲ್ಲಿ ಕಿಡಿಯಣ್ಣ ತಲೆ ಹಿಡಿದು ಕೂತಿದ್ದ. "ಗಾಳಿ ತಡೀರಿ ಅಂದೆ ಅಕ್ಕ, ಉಸಿರು ತಡೀರಿ ಅನ್ಲಿಲ್ಲ. ಅಷ್ಟು ಚೆನ್ನಾಗಿ ಯಾರಾದ್ರೂ ತಡೀತಾರಾ?"

ದೊಡ್ಡಪ್ಪ ಮನೆಗೆ ಬಂದರು. ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಅರ್ಧ ಹೇಳಿ ಬಿಟ್ಟಿದ್ದರು. ದೊಡ್ಡಮ್ಮ ನಿದ್ದೆಯಲ್ಲೂ ಅವರ ಮೂಗಿನ ಮುಂದೆ ಕೈ ಹಿಡಿಯುತ್ತಿದ್ದಳು. ಅವರು ಸ್ನಾನಕ್ಕೆ ಹೋದರೂ ಕಿಟಕಿ ತೆರೆದಿಡಬೇಕಿತ್ತು. ಅವಳು ಹಿತ್ತಲಿಗೆ ಕಾಲಿಡಲಿಲ್ಲ. ಬೇಕರಿಯವನು ಎರಡು ಸಲ ಬಂದು ಬಾಗಿಲಲ್ಲೇ ಕ್ಷೇಮ ವಿಚಾರಿಸಿ, ಸ್ಟ್ಯಾಂಡಿನ ಮಾತೆತ್ತದೆ ಹೋದ. ಮೂರನೆಯ ಸಲ ಪಕ್ಕದ ಮನೆಯಾಕೆಯೂ ಬಂದಿದ್ದಳು.

"ಸಾಕು ಬಿಡಮ್ಮ ಆ ಬೆಂಕಿ ಸಹವಾಸ. ಹೆಂಗಸರಿಗ್ಯಾಕೆ? ಮಷೀನು ಮಾರಿಬಿಡು."

ಹಾಸಿಗೆಯಿಂದ ದೊಡ್ಡಪ್ಪನ ತೆಳುದನಿ ಬಂತು. "ಮಾರಿಬಿಟ್ರೆ ನಾನು ಚಹಾ ಅಂಗಡೀಲಿ ಏನು ತೋರಿಸ್ಲಿ ಕಣೇ? ನಿನ್ನ ಮುಖಾನಾ?"

ಬೇಕರಿಯವನು ನಗುವುದೋ ಬೇಡವೋ ತಿಳಿಯದೆ ನೆಲ ನೋಡಿದ. ದೊಡ್ಡಮ್ಮ ಡಬ್ಬಿಯಿಂದ ಸ್ಕ್ರೂಡ್ರೈವರ್ ಹುಡುಕಿ ತೆಗೆದಳು.

"ಮಾಡ್ತೀನೋ ಬಿಡ್ತೀನೋ ಆಮೇಲೆ ನೋಡೋಣ," ಎಂದಳು. "ಮೊದಲು ಆ ಕೋಣೆಯ ಬಾಗಿಲನ್ನ ಕೀಲು ಸಮೇತ ಬಿಚ್ಚಿ, ಕಿಟಕಿ ಚೌಕಟ್ಟೂ ಕಿತ್ತು, ಆಮೇಲೆ ಅದರೊಳಗೆ ಯಾರೂ…" ಎನ್ನುತ್ತಲೇ ಎದ್ದು, ನಮ್ಮ ಕಡೆ ತಿರುಗದೆ, ಹಿತ್ತಲಿಗೆ ನಡೆದು, ಬಾಗಿಲ ಕೀಲಿನ ಮೊದಲ ಸ್ಕ್ರೂ ತಿರುಗಿಸತೊಡಗಿದಳು.