ಹಗ್ಗದ ಈಚೆ ತುದಿ

ಬೆಳಗ್ಗೆ ಆರೂಕಾಲು. ಶಾಲೆಯ ಹಿಂದಿನ ಗಲ್ಲಿಯಲ್ಲಿ ಹಾಲಿನ ಅಂಗಡಿಯೊಂದು ಬಿಟ್ಟರೆ ಯಾವ ಬಾಗಿಲೂ ತೆರೆದಿಲ್ಲ. ಕಾಂಪೌಂಡಿನ ಮೇಲೆ ವಾಲಿದ ದೊಡ್ಡ ಮರದಲ್ಲಿ, ಮೂರಾಳು ಎತ್ತರದಲ್ಲಿ, ಮಗಳು ಒಣಕೊಂಬೆ ಕೊಯ್ಯುತ್ತಿದ್ದಾಳೆ. ಕೆಳಗೆ ಅಮ್ಮ. ಮಗಳ ಸೊಂಟದಿಂದ ಹೊರಟು ಮೇಲಿನ ಕವಲು ದಾಟಿ ಇಳಿದುಬಂದ ಹಗ್ಗ ಅಮ್ಮನ ಬೆನ್ನು ಬಳಸಿ ಎರಡೂ ಕೈಗಳಲ್ಲಿ ಬಿಗಿಯಾಗಿದೆ. ಮೂಗಿನ ಮೇಲೆ ನೊಣ ಕೂತರೂ ಅಮ್ಮ ಕೈ ಬಿಡುವುದಿಲ್ಲ; ಉಫ್ ಎಂದು ಊದಿ ಓಡಿಸುತ್ತಾರೆ.

ಮರ ಹತ್ತಿದವರನ್ನು ದಾರಿಹೋಕರೆಲ್ಲ ಕತ್ತೆತ್ತಿ ನೋಡುತ್ತಾರೆ. ಹಗ್ಗ ಹಿಡಿದವರ ಕಡೆ ಯಾರ ಕಣ್ಣೂ ಬೀಳುವುದಿಲ್ಲ. ಐವತ್ತೆರಡರ ಈ ತಾಯಿ ಮಗಳಿಗೆ ಹಗ್ಗ ಹಿಡಿಯುತ್ತಿರುವುದು ಒಂದು ವರ್ಷದಿಂದ. ಅದಕ್ಕೂ ಮೊದಲು ಇಪ್ಪತ್ತೈದು ವರ್ಷ ಗಂಡನಿಗೆ. ಊರಿಗೆಲ್ಲ ಅವರು ‘ಮರದಣ್ಣ’.

ಮರದಣ್ಣನಿಗೆ ಮರವೆಂದರೆ ಹುಚ್ಚು ಪ್ರೀತಿ. ಬುಡಸಮೇತ ಕಡಿಯಿರಿ ಎಂದವರ ಜೊತೆ ಜಟಾಪಟಿಗಿಳಿದು, ಎರಡು ಕೊಂಬೆ ಇಳಿಸಿ ಮರ ಉಳಿಸಿಬಿಡುತ್ತಿದ್ದರು. “ನನ್ ಜೊತೆ ಜಗಳಾನೂ ಮರದ ಮೇಲಿಂದಾನೇ,” ಎಂದು ನಗುತ್ತಾರೆ ಹೆಂಡತಿ. “ಕೆಳಗಿದ್ರೆ ತುಟಿ ಪಿಟಕ್ ಅಂತಿರ್ಲಿಲ್ಲ. ಮೇಲಿದ್ರೆ ನನ್ ಕೈಗೆ ಸಿಗಲ್ವಲ್ಲ!”

ಮನೆ ಅಂದರೂ ಅಷ್ಟೇ ಜೀವ. ಸಂಜೆಯೊಳಗೆ ಮನೆ ಸೇರಲಾಗದಷ್ಟು ದೂರದ ಕೆಲಸವನ್ನು ಅವರು ಒಪ್ಪಿಕೊಂಡದ್ದೇ ಇಲ್ಲ. ಮಗಳಿಗೆ ಜಡೆ ಹಾಕುವುದು ಅಪ್ಪನ ಪಾಲಿನ ಕೆಲಸ, ಅದೂ ಹಗ್ಗ ಹೆಣೆದಷ್ಟೇ ಬಿಗಿಯಾಗಿ. “ಹುಬ್ಬು ಮೇಲಕ್ಕೆ ಹೋಗಿ ಇಡೀ ದಿನ ಬೆರಗಾದೋಳ ಥರ ಕಾಣ್ತಿದ್ದೆ. ಪಾಠ ಅಷ್ಟು ಚೆನ್ನಾಗಿದ್ಯಾ ಅಂತ ಟೀಚರು ಕೇಳೋರು!” ಎಂದು ಮಗಳು ಮೇಲಿನಿಂದಲೇ ಕೂಗುತ್ತಾಳೆ. ಮನೆಯ ಮಣೆ, ಕಪಾಟು, ಸೌಟು ಎಲ್ಲ ಅಪ್ಪ ಇಳಿಸಿದ ಕೊಂಬೆಗಳೇ. ಒಂದೊಂದಕ್ಕೂ ಅದು ಬಂದ ಮನೆಯ ಹೆಸರು: ಡಾಕ್ಟರ ಮನೆ ಮಣೆ, ಟೈಲರ ಮನೆ ಕಪಾಟು.

ಮರದಿಂದ ಒಮ್ಮೆಯೂ ಬೀಳದ ಮನುಷ್ಯ ಬಿದ್ದದ್ದು ಮನೆಯಲ್ಲಿ, ಬಲ್ಬು ಹಾಕಲು ಸ್ಟೂಲು ಹತ್ತಿ. ಆಗ ನಗುತ್ತಲೇ ಎದ್ದಿದ್ದರು. ಎರಡು ವರ್ಷದ ಹಿಂದೆ ಶ್ವಾಸಕೋಶದ ಕಾಯಿಲೆ ಮಲಗಿಸಿದಾಗ ಮಾತ್ರ ಏಳಲಿಲ್ಲ. ಹೆಂಡತಿ ಹಗ್ಗ ಸುತ್ತಿ ಅಟ್ಟಕ್ಕೆ ಹಾಕಿದರು. ಅಪ್ಪನ ಕೆಲಸ ನಾನು ಮಾಡುತ್ತೇನೆ ಎಂದು ಮಗಳು ಹಟ ಹಿಡಿದಾಗ ಖಡಾಖಂಡಿತವಾಗಿ ಬೇಡವೆಂದರು. “ಉಳಿದಿರೋಳು ಇವಳೊಬ್ಳು. ಹೇಗೆ ಹತ್ತು ಅನ್ಲಿ?”

ಮಗಳು ಕೇಳಬೇಕಲ್ಲ. ಕದ್ದು ಹಗ್ಗ ಒಯ್ದು, ಕೂಲಿಗೊಬ್ಬನನ್ನು ಕೆಳಗೆ ನಿಲ್ಲಿಸಿ ಮರ ಹತ್ತಿದಳು. ಸುದ್ದಿ ಸಿಕ್ಕಿದ್ದೇ ಅಮ್ಮ ಬರಿಗಾಲಲ್ಲಿ ಓಡಿದರು, ಬೈದು ಇಳಿಸಿಕೊಂಡು ಬರಲೆಂದು. “ನೋಡ್ತೀನಿ, ಆ ಪುಣ್ಯಾತ್ಮ ಒಂದ್ ಕೈಲಿ ಹಗ್ಗ, ಇನ್ನೊಂದ್ ಕೈಲಿ ಫೋನು ಹಿಡ್ಕೊಂಡು ನಗ್ತಾ ನಿಂತಿದಾನೆ! ಹಗ್ಗ ಕಿತ್ಕೊಂಡೆ.”

ಮೇಲಿಂದ ಮಗಳು ನೋಡಿದಳು. ಹಗ್ಗ ಅಮ್ಮನ ಕೈಯಲ್ಲಿದೆ ಎಂದು ಗೊತ್ತಾದದ್ದೇ, ಇಳಿಯುವ ಬದಲು ಇನ್ನೊಂದು ಕವಲು ಮೇಲೆ ಹತ್ತಿದಳು. ಬೈಯಲು ಬಂದಿದ್ದ ಅಮ್ಮ ಹಗ್ಗವನ್ನು ಬೆನ್ನಿಗೆ ಬಳಸಿ ಬಿಗಿಹಿಡಿದು ನಿಂತರು. ಅಂದಿನಿಂದ ವಾರಕ್ಕೆ ಆರು ದಿನ, ದಿನಕ್ಕೆ ಎರಡು ಮರ.

ಭಯವಾಗುವುದಿಲ್ಲವೇ ಎಂದರೆ ಅವರು ಕೊಂಬೆಯಿಂದ ಕಣ್ಣು ಕೀಳದೆ ಉತ್ತರಿಸುತ್ತಾರೆ.

“ಆಗ್ದೇ ಏನು? ದಿನಾ ಆಗುತ್ತೆ. ಆಸ್ಪತ್ರೇಲಿ ಹಿಡ್ಕೊಳ್ಳೋಕೆ ನನ್ ಕೈಲಿ ಹಗ್ಗ ಇರ್ಲಿಲ್ಲ. ಹಗ್ಗ ಇದ್ದಷ್ಟು ದಿನ ಅವ್ರನ್ನ ನಾನು ಬೀಳೋಕೆ ಬಿಟ್ಟಿಲ್ಲ. ಇವಳನ್ನೂ ಬಿಡಲ್ಲ.”