ಬಾಗಿಲ ಸಂದಿಯ ಬೆರಳು

ಮಲೇರಿಯಾ ಕೆಲಸದ ಭರಮಪ್ಪ ದಿನಾ ಮನೆ ಬಿಡುವ ಮುಂಚೆ ತಪ್ಪದೆ ಮಾಡುವ ಕೆಲಸವೊಂದಿತ್ತು. ಆ ದಿನದ ಸೂಜಿಯನ್ನು ಮೊದಲು ತನ್ನ ಎಡಗೈಯ ಉಂಗುರ ಬೆರಳಿಗೇ ಚುಚ್ಚಿಕೊಂಡು ನೋಡುತ್ತಿದ್ದ. ಮೊಂಡಾಗಿದ್ದರೆ ಕಲ್ಲಿಗೆ ತಿಕ್ಕುವುದು; ಆಮೇಲೆ ನೀರಿನಲ್ಲಿ ಕುದಿಸಿ, ಸ್ಪಿರಿಟ್ಟಿನಿಂದ ಒರೆಸಿ ಡಬ್ಬಿಗೆ ಹಾಕುವುದು. ಹಸುಗೂಸುಗಳಿಗೂ ಚುಚ್ಚುವ ಸೂಜಿ, ಅದರ ನೋವು ಮೊದಲು ತನಗೆ ಗೊತ್ತಿರಬೇಕು ಎನ್ನುತ್ತಿದ್ದ. ಒಂಬತ್ತು ವರ್ಷದಲ್ಲಿ ಆ ಬೆರಳ ತುದಿ ಎಮ್ಮೆಯ ತೊಗಲಿನಂತಾಗಿತ್ತು. "ಎಲ್ಲಾರೂ ಆ ಬೆರಳಿಗೆ ಉಂಗುರಾ ಹಾಕೋತಾರ, ನೀ ತೂತು ಹಾಕೋತಿ" ಎಂದು ಹೆಂಡತಿ ಕಾಡವ್ವ ಚೇಷ್ಟೆ ಮಾಡುತ್ತಿದ್ದಳು.

ಬೈಲಹೊಂಗಲ ಕಡೆಯ ನಾಲ್ಕು ಊರು ಅವನ ಪಾಲಿಗಿದ್ದವು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೆ ಹೋಗಬೇಕು. ಜ್ವರ ಬಂದವರಿದ್ದರೆ ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ತೆಗೆದು, ಕಹಿ ಗುಳಿಗೆ ಕೊಟ್ಟು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಬರಬೇಕು. ಎಪ್ಪತ್ತಾರರ ಮಳೆಗಾಲದಲ್ಲಿ ಜ್ವರ ಊರೂರಿಗೆ ಹಬ್ಬಿತು. ಬಸುರಿಯರನ್ನು ಒಬ್ಬರನ್ನೂ ಬಿಡಬೇಡಿ, ಇದು ತಾಯಿ ಕೂಸು ಇಬ್ಬರನ್ನೂ ಒಯ್ಯುವ ಜ್ವರ ಎಂದು ಡಾಕ್ಟರು ಹೇಳಿದ್ದರು.

ಅವನ ಕಣ್ಣಿಗೆ ಬೀಳದವರೆಂದರೆ ಬಸುರಿಯರೇ. ಸಂಗೊಳ್ಳಿಯ ದೊಡ್ಡ ಮನೆಗಳಲ್ಲಿ ಭರಮಪ್ಪನಂಥವರು ಕಟ್ಟೆಯ ಕೆಳಗೆ ನಿಲ್ಲಬೇಕು. ಬೆರಳು ಚುಚ್ಚುವಾಗ ಮಾತ್ರ ಹೊಸ್ತಿಲ ತನಕ ಹೋಗಬಹುದು. ಸೊಸೆಯಂದಿರು ಕದದ ಹಿಂದೆ ನಿಂತು ಸಂದಿಯಿಂದ ಬರೀ ಬೆರಳು ಚಾಚುತ್ತಿದ್ದರು. ಮುಖ ನೋಡುವ ಪದ್ಧತಿಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಒಂದು ಮಂಗಳವಾರ ಓಣಿಯ ಬಾಯವ್ವ ಅವನನ್ನು ತಡೆದು, ಪಂಚಾಯತಿ ಮೆಂಬರ ಮಡಿವಾಳೆಪ್ಪನ ಸೊಸೆ ಗುರುಬಸವ್ವ ಹಿಂದಿನ ದಿನ ಮೂರು ಕೌದಿ ಹೊದ್ದರೂ ಗಡಗಡ ನಡುಗುತ್ತಿದ್ದಳೆಂದು ಹೇಳಿದಳು. ಗುರುಬಸವ್ವನಿಗೆ ಆಗ ಏಳು ತಿಂಗಳು, ಕುಬಸ ಮಾಡಿ ಬಳೆ ತೊಡಿಸಿ ಎಂಟು ದಿನವಾಗಿತ್ತು. ಭರಮಪ್ಪ ನೇರ ಆ ಮನೆಗೆ ಹೋದ. ಅತ್ತೆ ಸೋಮವ್ವ ಒಳಗೆ ಹೋಗಿ ಕದ ಮುಂದೆ ಮಾಡಿದಳು. ಸಂದಿಯಿಂದ ಬೆರಳೊಂದು ಬಂತು. ಒಮ್ಮೆ ಚುಚ್ಚಿದರೆ ರಕ್ತ ಬರಲಿಲ್ಲ. ಎರಡನೆಯ ಸಲ ಒತ್ತಿ ಚುಚ್ಚಬೇಕಾಯಿತು. ಪಟ್ಟಿಗೆ ಗುರುಬಸವ್ವನ ಹೆಸರು ಬರೆದು, ನಾಲ್ಕು ಗುಳಿಗೆ ಕೊಟ್ಟು ಮುಂದಿನ ಮನೆಗೆ ನಡೆದ.

ಬುಧವಾರ ಬೆಳಿಗ್ಗೆ ತನ್ನ ಬೆರಳಿಗೆ ಚುಚ್ಚಿಕೊಂಡಾಗಲೂ ಮೊದಲ ಸಲ ರಕ್ತ ಬರಲಿಲ್ಲ. ಎರಡನೆಯ ಸಲಕ್ಕೆ ಕೈ ಎತ್ತಿದವನು ಹಾಗೇ ನಿಂತ. ನಿನ್ನೆಯ ಬೆರಳು ತಣ್ಣಗಿತ್ತು, ಅದು ಜ್ವರ ಬಿಡುವ ದಿನ, ಇರಲಿ; ಆದರೆ ಅದೂ ಹೀಗೇ ಗಟ್ಟಿಯಾಗಿತ್ತು. ಹತ್ತೊಂಬತ್ತರ ಹುಡುಗಿಯ ಬೆರಳು ಅಷ್ಟು ದಡ್ಡುಗಟ್ಟುವುದಿಲ್ಲ. ಕುಬಸವಾದ ಕೈಯಲ್ಲಿ ಹಸಿರು ಬಳೆ ತುಂಬಿರಬೇಕಲ್ಲ, ಅವುಗಳ ಸದ್ದು ಯಾಕೆ ಕೇಳಲಿಲ್ಲ?

ಆ ಪಟ್ಟಿಯನ್ನು ತಪಾಸಣೆಗೆ ಹೋಗಗೊಟ್ಟರೆ ಹತ್ತು ದಿನಕ್ಕೆ ರಕ್ತದಲ್ಲಿ ಜ್ವರದ ಜಂತು ಇಲ್ಲವೆಂದು ಚೀಟಿ ಬರುತ್ತದೆ, ಮತ್ತೆ ಯಾರೂ ಆ ಬಾಗಿಲಿಗೆ ಹೋಗುವುದಿಲ್ಲ. ತಾನೇ ಹೋಗಿ ಕೇಳಿದರೆ ದೊಡ್ಡ ಮನೆಯ ಹಿರಿಯಳನ್ನು ಸುಳ್ಳಿ ಎಂದಂತಾಗುತ್ತದೆ. ಮಡಿವಾಳೆಪ್ಪನ ಒಂದು ಅರ್ಜಿ ಸಾಕು, ನೌಕರಿ ಹೋಗುತ್ತದೆ. ಆದರೆ ಈ ಜ್ವರ ದಿನ ಬಿಟ್ಟು ದಿನ ಬರುವಂಥದು; ಇವತ್ತು ಅವಳಿಗೆ ಮತ್ತೆ ಚಳಿ ಬರುವ ಹೊತ್ತು. ಕಾಡವ್ವ ಬಡಿಸಿದ ರೊಟ್ಟಿ ಮುರಿಯದೆ ಎದ್ದು ಹೋದ.

ಕಟ್ಟೆಯ ಕೆಳಗೆ ನಿಂತಾಗಲೇ ಒಳಗಿನ ನರಳಾಟ ಕೇಳಿಸಿತು. ಸೋಮವ್ವ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನಿ ಬಂದಿದ್ದಿಯಲ್ಲ, ಮತ್ತ ಯಾಕ ಬಂದಿ?"

"ಅವ್ವಾರ, ನಿನ್ನಿ ಬೆರಳು ನಿಮ್ದರಿ."

"ಬೆರಳು ನೋಡಿ ಹೆಸರು ಹೇಳೋ ಶಾಸ್ತ್ರಾ ಯಾವಾಗ ಕಲ್ತಿ?"

ಭರಮಪ್ಪ ತನ್ನ ಎಡಗೈ ಎತ್ತಿ ತೋರಿಸಿದ. "ನಂದೂ ಹಂಗ ಐತ್ರಿ. ಅದಕ್ಕ ಗೊತ್ತಾತು."

ಅವಳು ಆ ಬೆರಳನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, ಮನೆಯ ರಕ್ತವೆಲ್ಲ ಒಂದೇ ಅಲ್ಲವೇ, ಯಾರದು ತೆಗೆದರೇನು ಎಂದಳು. ಬಸುರಿಯ ರಕ್ತ ತೆಗೆದರೆ ಅದು ಕೂಸಿನಿಂದಲೇ ಹೋಗುತ್ತದೆ. ಗುಳಿಗೆಯ ಕಾವಿಗೆ ಗರ್ಭ ನಿಲ್ಲುವುದಿಲ್ಲ ಎಂಬುದು ಅವಳ ಹೆದರಿಕೆ. ತನ್ನ ಹೊಟ್ಟೆಯ ಮಗಳು ಕರೆವ್ವನಿಗೆ ಇದೇ ಏಳು ತಿಂಗಳಲ್ಲಿ ಸೂಜಿ ಮಾಡಿಸಿದ್ದರು, ಮೂರನೆಯ ದಿನಕ್ಕೆ ಕೂಸು ಹೋಯಿತು. ನಿನ್ನೆಯ ಗುಳಿಗೆಗಳು ದೀಪದ ಮಾಡದಲ್ಲಿ ಹಾಗೇ ಇದ್ದವು.

ಭರಮಪ್ಪ ಕೇಳಬಾರದ ಮಾತೆಂದು ಗೊತ್ತಿದ್ದೂ ಕೇಳಿದ.

"ಸೂಜಿ ಮಾಡಸೂಕಿಂತ ಮೊದಲ ಕರೆವ್ವಗ ಜ್ವರ ಇತ್ತೇನ್ರಿ?"

ಸೋಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎಂಟು ದಿನ ಇತ್ತು" ಎಂದಳು ಕಡೆಗೆ. ಎಂದವಳೇ ಚೌಕಟ್ಟು ಹಿಡಿದು ಕುಳಿತುಬಿಟ್ಟಳು.

ಅವಳ ಹಿಂದಿನ ಕತ್ತಲೆಯಿಂದ ಬಳೆಗಳು ಗಲಗಲ ಎಂದವು. ಮೊಳಕೈ ತನಕ ಹಸಿರು ಬಳೆಯಿದ್ದ ಕೈಯೊಂದು ಅತ್ತೆಯ ಹೆಗಲ ಮೇಲಿಂದ ಚಾಚಿ ಬಂತು.

"ಲಗೂನ ತಗೋ ಯಣ್ಣಾ. ನಿಲ್ಲಾಕ ಆಗವಲ್ದು."

ಬೆರಳು ಸುಡುತ್ತಿತ್ತು. ಒಂದೇ ಚುಚ್ಚಿಗೆ ರಕ್ತ ಬಂತು, ತೆಳ್ಳಗೆ, ನೀರು ಬೆರೆಸಿದಂತೆ. ನಾಲ್ಕೂ ಗುಳಿಗೆಗಳನ್ನು ಸೋಮವ್ವ ತನ್ನ ಕೈಯಾರೆ ನುಂಗಿಸಿದಳು. ನುಂಗಿಸುವಾಗ ಅವಳ ತುಟಿ ಶಿವಶಿವ ಎನ್ನುತ್ತಿತ್ತು. ಭರಮಪ್ಪ ಪಟ್ಟಿ ಒಣಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ತಾನೇ ಬೈಲಹೊಂಗಲಕ್ಕೆ ಒಯ್ದ. ಸೂಕ್ಷ್ಮದರ್ಶಕದಲ್ಲಿ ಜಂತು ಕಂಡವು. ಡಾಕ್ಟರು ಬಸುರಿಗೆ ಆಗುವಂಥ ಔಷಧ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಚಳಿ ನಿಂತಿತು. ಆದರೂ ಗುರುಬಸವ್ವನನ್ನು ತವರೂರು ಮುರಗೋಡಕ್ಕೆ ಕಳಿಸಿದ ಮೇಲೆ, ಅಲ್ಲಿಂದ ಸುದ್ದಿ ಬರುವ ತನಕ, ಭರಮಪ್ಪನಿಗೂ ಸೋಮವ್ವನಿಗೂ ಸರಿಯಾಗಿ ನಿದ್ದೆ ಹತ್ತಲಿಲ್ಲ. ಕಾರ್ತಿಕದಲ್ಲಿ ಹೆಣ್ಣು ಹುಟ್ಟಿತು. ಸಣ್ಣ ಕೂಸು, ಆದರೆ ಅತ್ತರೆ ಮೂರು ಮನೆಗೆ ಕೇಳುತ್ತದಂತೆ.

ಆ ಸುದ್ದಿ ಬಂದ ಮೇಲಿನ ಪಾಳಿಯಲ್ಲಿ ಬಂದಾಗ ಮಡಿವಾಳೆಪ್ಪ ತಾನೇ ಹೊರಗೆ ಬಂದು, ಭರಮಪ್ಪನನ್ನು ಕಟ್ಟೆಯ ಮೇಲೆ ಕೂರಲು ಹೇಳಿದ. ಮೊಮ್ಮಗಳ ಉಪಕಾರ ತೀರಿಸುವವನಂತೆ, ಇಷ್ಟು ದೂರ ಬಿಸಿಲಲ್ಲಿ ನಡೆದು ಕಾಲು ಸವೆಸುವುದೇಕೆ ಎಂದ.

"ಯುಗಾದಿ ತನಕಾ ತಾರೀಖ ಇವತ್ತ ಗ್ವಾಡಿ ಮ್ಯಾಲ ಬರದ ಬಿಡು. ಮ್ಯಾಲಿನ ಸಾಹೇಬ ಬಂದ ಕೇಳಿದ್ರ, ಭರಮಪ್ಪ ಬಂದಿದ್ದ ಅಂತ ನಾ ಹೇಳತೇನಿ. ನೀ ಮನ್ಯಾಗ ಆರಾಮ ಇರು."

ಭರಮಪ್ಪ ಗೋಡೆಯ ಮೇಲೆ ಅಂದಿನ ತಾರೀಖನ್ನಷ್ಟೇ ಬರೆದು ಸೀಸಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

"ಬ್ಯಾಡ್ರಿ ಸಾವಕಾರ್ರ. ತಾರೀಖ ಬರದ್ರ ಬೆರಳು ನೋಡಿದಂಗ ಆಗೂದಿಲ್ರಿ. ಮನ್ಯಾಗ ಯಾರಿಗರೆ ಜ್ವರ ಐತೇನ್ರಿ?"