ಆರು ವರ್ಷದ ಗುಂಡಿಗೆಯ ಒಂದು ಹಿಂಡು

"ಇರೋದ ಬೊಗಸಿ ರಕ್ತ, ಅದನ್ನೂ ತಗೀತೀರೇನ್ರಿ?" ಎಂದು ನಮ್ಮತ್ತೆ ಸಿರಿಂಜಿಗೆ ಅಡ್ಡ ಕೈ ಒಡ್ಡಿಯೇ ಬಿಟ್ಟರು. ಆರು ವರ್ಷದ ನನ್ನ ಮಗಳಿಗೆ ಮೂರು ದಿನದಿಂದ ಜ್ವರ. ಅಕ್ಕಿಆಲೂರಿನ ದವಾಖಾನೆಯಲ್ಲಿ ಡಾಕ್ಟರು ರಕ್ತ ಪರೀಕ್ಷೆಗೆ ಬರೆದಿದ್ದರು. ನಾನು ಹೇಳಿದ್ದನ್ನು ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

ನರ್ಸ್ ಸಿಟ್ಟಾಗಲಿಲ್ಲ. ಔಷಧದ ಚಮಚದಿಂದ ಐದು ಸಲ ನೀರು ಅಳೆದು ಲೋಟಕ್ಕೆ ಹಾಕಿ ಅತ್ತೆಯ ಕೈಗೆ ಕೊಟ್ಟರು. "ಈಕಿ ಗುಂಡಿಗಿ ಒಂದ ಸಲ ಬಡದ್ರ ಇಷ್ಟು ರಕ್ತ ಮೈಗೆಲ್ಲ ಕಳಸತೈತ್ರಿ, ಆಯಿ. ಅದು ಮತ್ತ ತಿರುಗಿ ಬರತೈತಿ. ನನಗ ಬೇಕಾಗಿದ್ದು ಅರ್ಧ ಚಮಚ ಅಷ್ಟ."

ಹರೆಯದಿಂದಲೂ ಎಮ್ಮೆ ಹಿಂಡುತ್ತ ಬಂದ ಅತ್ತೆ ಲೋಟವನ್ನು ಅಲುಗಾಡಿಸಿ ನೋಡಿದರು. "ನಮ್ಮ ಎಮ್ಮಿ ಸೈತ ಒಂದು ಹಿಂಡಿಗೆ ಇಷ್ಟು ಕೊಡೂದಿಲ್ಲಲ್ಲ!" ಎಂದವರೇ ಮೊಮ್ಮಗಳ ತೋಳನ್ನು ತಾವಾಗಿ ಮುಂದೆ ಚಾಚಿದರು.

ಮಗಳು ಗುಣವಾಗಿ ಓಡಾಡುತ್ತಿದ್ದಾಳೆ. ಅತ್ತೆ ಮಾತ್ರ ಈಗಲೂ ಬೆಳಿಗ್ಗೆ ಹಾಲು ಹಿಂಡಿ ಬಂದು, ನೋಯುವ ಬೆರಳು ನೀವಿಕೊಂಡು, ಅವಳ ಎದೆಯ ಮೇಲೆ ಅಂಗೈ ಇಡುತ್ತಾರೆ. "ಎರಡು ಲೀಟರ್ ಹಿಂಡೂದ್ರಾಗ ನನ್ನ ಕೈ ಸೋತು ಹೋಗತಾವು. ಇದು ಹುಟ್ಟಿದಾಗಿಂದ ಹಿಂಡಾಕತ್ತೈತಿ, ಒಮ್ಮೆನೂ ದಣದಿಲ್ಲ ನೋಡವ್ವಾ."